ಕಾಫಿ ಬೀಜಕ್ಕಿರುವ ಕಾವಲು ಕಾರ್ಮಿಕನಿಗೇಕಿಲ್ಲ?

ಯುರೋಪಿನ ಬಂದರಿನಲ್ಲಿ ಇಳಿಯುವ ಕಾಫಿ ಮೂಟೆಗೆ ಇರುವಷ್ಟು ಕಾವಲು ಆ ಕಾಫಿಯನ್ನು ಬೆಳೆದ ಕೈಗಳಿಗೆ ಇಲ್ಲ. ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ರಫ್ತಾಗುತ್ತದೆ; ಕೊಳ್ಳುವವರಲ್ಲಿ ಇಟಲಿಗೆ ಅಗ್ರಸ್ಥಾನ. ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗು ಜಿಲ್ಲೆಯೊಂದರದೇ. ಯುರೋಪಿಯನ್ ಒಕ್ಕೂಟವು ತಾನು ಅನುಮತಿಸದ ಕೀಟನಾಶಕಗಳ ಶೇಷಾಂಶಕ್ಕೆ ವಿಧಿಸಿರುವ ಸಾಮಾನ್ಯ ಮಿತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಂ, ಅಂದರೆ ಹತ್ತು ಕೋಟಿ ಭಾಗಗಳಲ್ಲಿ ಒಂದು ಭಾಗ. ಅಷ್ಟು ಸೂಕ್ಷ್ಮವಾದ ಜರಡಿಯಲ್ಲಿ ಬೀಜ ಹಾದುಹೋಗಬೇಕು. ಅದೇ ಕೀಟನಾಶಕವನ್ನು ನೀರಿನಲ್ಲಿ ಕಲಸಿ, ಡಬ್ಬಕ್ಕೆ ತುಂಬಿ, ಬೆನ್ನಿಗೇರಿಸಿಕೊಂಡು ಇಡೀ ದಿನ ಗಿಡಗಳ ನಡುವೆ ನಡೆಯುವ ಯರವ ಅಥವಾ ಕುರುಬ ಯುವಕನ, ಇಲ್ಲವೇ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದು ಲೈನ್ ಮನೆಯಲ್ಲಿ ಬೀಡುಬಿಟ್ಟಿರುವ ಕೂಲಿಯ ರಕ್ತದಲ್ಲಿ ಎಷ್ಟು ವಿಷ ಸೇರಿತೆಂದು ಕೇಳುವ ಪ್ರಯೋಗಾಲಯ ಇಟಲಿಯಲ್ಲಿಯೂ ಇಲ್ಲ, ಮಡಿಕೇರಿಯಲ್ಲಿಯೂ ಇಲ್ಲ.

ಮಲೆನಾಡಿನ ಆಡುಮಾತೇ ಇಲ್ಲಿ ಮೊದಲ ಅಪರಾಧಿಯೇನೋ. ತೋಟಕ್ಕೆ ವಿಷ ಹೊಡೆಯುತ್ತೇವೆಂದು ಯಾರೂ ಹೇಳುವುದಿಲ್ಲ. 'ಔಷಧಿ ಹೊಡೆಯುತ್ತೇವೆ' ಎನ್ನುತ್ತಾರೆ. ಸಾಲದ ಹೊರೆ ತಾಳಲಾರದೆ ಅದನ್ನೇ ಕುಡಿದು ಸತ್ತವನ ವಿಷಯದಲ್ಲಿಯೂ 'ಔಷಧಿ ಕುಡಿದ' ಎಂಬ ಮಾತೇ ಬರುತ್ತದೆ. ಔಷಧಿಯೆಂದು ಹೆಸರಿಟ್ಟ ವಸ್ತುವಿಗೆ ಕೈಗವಸು ಏಕೆ ಬೇಕು ಎಂದು ಕೂಲಿಯವನು ಕೇಳಿದರೆ ತಪ್ಪು ಅವನದಲ್ಲ.

ಅರೇಬಿಕಾ ತೋಟಗಳ ಬಿಳಿ ಕಾಂಡಕೊರಕದ ಕಥೆಯನ್ನೇ ಗಮನಿಸಬಹುದು. ಸೋಮವಾರಪೇಟೆ, ಮಡಿಕೇರಿ ಕಡೆಯ ಬೆಳೆಗಾರನಿಗೆ ಈ ಹುಳುವಿಗಿಂತ ದೊಡ್ಡ ಶತ್ರುವಿಲ್ಲ. ದಶಕಗಳ ಕಾಲ ಇದಕ್ಕೆ ಲಿಂಡೇನ್ ಬಳಸಲಾಯಿತು. ಜಗತ್ತಿನ ಒತ್ತಡಕ್ಕೆ ಮಣಿದು ಭಾರತ ಅದನ್ನು ನಿಷೇಧಿಸಿದ ಮೇಲೆ, 2013ರಿಂದೀಚೆಗೆ ಆ ಜಾಗಕ್ಕೆ ಕ್ಲೋರ್‌ಪೈರಿಫಾಸ್ ಬಂದು ಕುಳಿತಿತು. ಮಕ್ಕಳ ಮೆದುಳಿನ ಬೆಳವಣಿಗೆಗೆ ಇದು ಮಾಡುವ ಹಾನಿಯನ್ನು ಮುಖ್ಯ ಕಾರಣವಾಗಿಟ್ಟುಕೊಂಡು ಯುರೋಪಿಯನ್ ಒಕ್ಕೂಟವು 2020ರ ಜನವರಿಯಲ್ಲಿ ಇದರ ಅನುಮತಿಯನ್ನು ನವೀಕರಿಸಲು ನಿರಾಕರಿಸಿತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಕೆಲವು ವಿನಾಯಿತಿಗಳೊಂದಿಗೆ ಇದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ರಫ್ತುದಾರರು ಬೆಚ್ಚಿಬಿದ್ದರು, ಶೇಷಾಂಶದ ಬಗೆಗೆ ಸಭೆಗಳು ನಡೆದವು, ಸುತ್ತೋಲೆಗಳು ಬಂದವು. ಆದರೆ ಕಾಂಡಕೊರಕಕ್ಕೆ ಈ ವಿಷವನ್ನು ಬಳಿಯುವುದು ಮುಖ್ಯ ಕಾಂಡಕ್ಕೆ ಮತ್ತು ದಪ್ಪ ರೆಂಬೆಗಳಿಗೆ, ಕಾಯಿಗಲ್ಲ. ಹಾಗಾಗಿ ಬೀಜದಲ್ಲಿ ಶೇಷಾಂಶ ಸಿಗದೆ ಇರಬಹುದು, ಮೂಟೆ ನಿರಾಯಾಸವಾಗಿ ತೇರ್ಗಡೆಯಾಗಬಹುದು. ಕಾಂಡವನ್ನು ಹಿಡಿದು ನೆನೆಸಿದ ಅಂಗೈ ಮಾತ್ರ ಯಾವ ಪರೀಕ್ಷೆಗೂ ಒಳಪಡುವುದಿಲ್ಲ. ಶುದ್ಧವಾದ ಬೀಜವು ಸುರಕ್ಷಿತವಾದ ತೋಟಕ್ಕೆ ಸಾಕ್ಷಿಯೆಂಬ ನಂಬಿಕೆ ಇಲ್ಲಿಯೇ ಕುಸಿದುಬೀಳುತ್ತದೆ.

ಯುರೋಪಿಗೆ ಇದು ತಿಳಿಯದ ಸಂಗತಿಯೇನೂ ಅಲ್ಲ. ತನ್ನ ಮನೆಯೊಳಗಿನ ದುಡಿಮೆಗಾರರ ವಿಷಯದಲ್ಲಿ ಅದು ಮೂರೂವರೆ ದಶಕಗಳಿಂದ ಕೂಡಿ ಕೆಲಸ ಮಾಡಿದೆ. 1989ರ ಜೂನ್ 12ರಂದು ಅಂಗೀಕೃತವಾದ ಮೂಲ ನಿರ್ದೇಶನವು ಅಲ್ಲಿನ ಎಲ್ಲ ಸದಸ್ಯ ರಾಷ್ಟ್ರಗಳ ಉದ್ಯೋಗದಾತರಿಗೂ ಒಂದೇ ಹೊಣೆ ಹೊರಿಸಿತು: ಕೆಲಸ ಆರಂಭಿಸುವ ಮೊದಲೇ ಅಪಾಯವನ್ನು ಅಳೆಯಬೇಕು, ಅದನ್ನು ಮೂಲದಲ್ಲಿಯೇ ನಿವಾರಿಸಬೇಕು, ಅಪಾಯಕಾರಿ ವಸ್ತುವಿನ ಬದಲಿಗೆ ಅಪಾಯವಿಲ್ಲದ್ದನ್ನು ಬಳಸಬೇಕು, ಕಾರ್ಮಿಕರನ್ನು ಕೇಳಿ ತೀರ್ಮಾನಿಸಬೇಕು. ಮುಖಗವಸು, ಕೈಗವಸುಗಳಿಗೆ ಅಲ್ಲಿ ಕೊನೆಯ ಸ್ಥಾನ. 1994ರಲ್ಲಿ ಸ್ಥಾಪನೆಗೊಂಡು ಸ್ಪೇನಿನ ಬಿಲ್ಬಾವೋ ನಗರದಲ್ಲಿ ನೆಲೆಗೊಂಡಿರುವ ಸುರಕ್ಷತಾ ಸಂಸ್ಥೆಯು ಸರ್ಕಾರ, ಮಾಲೀಕ, ಕಾರ್ಮಿಕ ಸಂಘಗಳೆಂಬ ಮೂರೂ ಕಡೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಒಂದು ದೇಶ ಕಲಿತ ಪಾಠವನ್ನು ಇನ್ನೊಂದಕ್ಕೆ ದಾಟಿಸುತ್ತದೆ. 2009ರ ಇನ್ನೊಂದು ನಿರ್ದೇಶನದಂತೆ ವೃತ್ತಿಯಾಗಿ ಕೀಟನಾಶಕ ಸಿಂಪಡಿಸುವವನು ತರಬೇತಿಯ ಪ್ರಮಾಣಪತ್ರ ಹೊಂದಿರಬೇಕು; ಸಿಂಪಡಣೆಯ ಯಂತ್ರಗಳು ನಿಯತವಾಗಿ ತಪಾಸಣೆಗೊಳಗಾಗಬೇಕು.

ಈ ಪಾಠಗಳನ್ನು ಅವರು ಹೆಣಗಳ ಲೆಕ್ಕದಿಂದಲೇ ಕಲಿತರು. ಮಲೆನಾಡಿನ ಅಡಿಕೆ ಮತ್ತು ಕಾಫಿ ಬೆಳೆಗಾರರಿಗೆ ಮನೆಮಾತಾಗಿರುವ ಬೋರ್ಡೋ ದ್ರಾವಣವೂ ಫ್ರಾನ್ಸಿನಿಂದಲೇ ಬಂದದ್ದು. ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮೈಲುತುತ್ತು-ಸುಣ್ಣದ ಮಿಶ್ರಣವನ್ನು ನಿರಪಾಯಕಾರಿ ಎಂದೇ ಸಾವಯವ ಕೃಷಿಕರೂ ಭಾವಿಸುತ್ತಾರೆ. ಆದರೆ 1969ರಲ್ಲಿ ಪೋರ್ಚುಗಲ್‌ನ ವೈದ್ಯರು, ವರ್ಷಗಟ್ಟಲೆ ಇದನ್ನು ಸಿಂಪಡಿಸಿದ ದ್ರಾಕ್ಷಿ ತೋಟದ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರ ಕೂಡಿಕೊಂಡು ಗಂಟುಗಳಾಗಿರುವುದನ್ನು ಕಂಡು ವರದಿ ಮಾಡಿದರು. ವೈದ್ಯ ಸಾಹಿತ್ಯದಲ್ಲಿ ಅದಕ್ಕೆ ದ್ರಾಕ್ಷಿ ತೋಟದ ಸಿಂಪಡಣೆಗಾರರ ಶ್ವಾಸಕೋಶ ರೋಗವೆಂದೇ ಹೆಸರಾಯಿತು. ಮಳೆಗೆ ಮುನ್ನ ಕೊಳೆರೋಗಕ್ಕೆಂದು ಬೋರ್ಡೋ ಹೊಡೆಯುವ ಮಲೆನಾಡಿನ ಕೂಲಿಯ ಕೆಮ್ಮನ್ನು ಬೀಡಿಯ ಲೆಕ್ಕಕ್ಕೆ ಬರೆದುಬಿಡುವ ಮೊದಲು ವೈದ್ಯರು ಅವನ ಕೆಲಸ ಯಾವುದೆಂದು ಒಮ್ಮೆ ಕೇಳುವುದು ಒಳಿತು. ಫ್ರಾನ್ಸ್ 2012ರಲ್ಲಿ ಪಾರ್ಕಿನ್‌ಸನ್ ಕಾಯಿಲೆಯನ್ನು ಕೀಟನಾಶಕದಿಂದ ಬರುವ ಕೃಷಿಕರ ವೃತ್ತಿರೋಗವೆಂದು ಅಧಿಕೃತವಾಗಿ ಒಪ್ಪಿತು. 2020ರಲ್ಲಿ ಕೀಟನಾಶಕದ ಸಂತ್ರಸ್ತರಿಗೆ ಪರಿಹಾರ ನಿಧಿಯನ್ನೇ ಸ್ಥಾಪಿಸಿತು. ಕೊಡಗಿನಿಂದ ದೂರವಲ್ಲದ ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್‌ಗೆ ಪರಿಹಾರ ಪಡೆಯಲು ಜನ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, 2017ರ ತೀರ್ಪಿನವರೆಗೆ ಕಾಯಬೇಕಾಯಿತು.

ಹಾಗೆಂದು ಯುರೋಪನ್ನು ಧರ್ಮರಾಯನ ಪೀಠದಲ್ಲಿ ಕೂರಿಸುವ ಅಗತ್ಯವಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಸ್ವೀಡನ್ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯ 2007ರ ಜುಲೈನಲ್ಲಿ ಇದರ ಅನುಮತಿಯನ್ನು ರದ್ದುಗೊಳಿಸಿತು. ತಮ್ಮ ಹೊಲದಲ್ಲಿ ಬೇಡವೆಂದ ಆ ವಿಷವನ್ನು ಯುರೋಪಿನ ನೆಲದಲ್ಲಿಯೇ ತಯಾರಿಸಿ ಬಡ ದೇಶಗಳಿಗೆ ಮಾರುವ ವ್ಯಾಪಾರಕ್ಕೆ ಮಾತ್ರ ಆ ತೀರ್ಪು ಅಡ್ಡಿಯಾಗಲಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು; ಸಂತ್ರಸ್ತರು 2020ರಲ್ಲಿ ಸ್ವಿಜರ್ಲೆಂಡಿನವರೆಗೂ ಹೋಗಿ ದಾವೆ ಹೂಡಿದರು. ಆ ದೇಶ 2021ರಿಂದ ಪ್ಯಾರಾಕ್ವಾಟ್ ಸೇರಿದಂತೆ ಐದು ವಿಷಗಳ ರಫ್ತನ್ನು ನಿಷೇಧಿಸಿತು. ಫ್ರಾನ್ಸ್ 2022ರಲ್ಲಿ ತನ್ನದೇ ಕಾನೂನನ್ನು ಜಾರಿಗೆ ತಂದಿತು. ನಿಷೇಧಿತ ರಾಸಾಯನಿಕಗಳನ್ನು ರಫ್ತಿಗೆಂದು ತಯಾರಿಸುವುದನ್ನು ನಿಲ್ಲಿಸುತ್ತೇವೆಂದು ಒಕ್ಕೂಟವೂ 2020ರಲ್ಲಿಯೇ ಮಾತು ಕೊಟ್ಟಿತ್ತು. ಆ ಮಾತು ವರ್ಷಗಳ ಕಾಲ ಕಡತದಲ್ಲಿಯೇ ಉಳಿಯಿತು. ಬೀಜದ ಶೇಷಾಂಶಕ್ಕೆ ಗಡುವು ವಿಧಿಸುವಾಗ ಕಾಣುವ ಆತುರ ಇಲ್ಲಿ ಕಾಣಲಿಲ್ಲ.

ದೂರದವರ ದ್ವಿಮುಖ ನೀತಿಯನ್ನು ಖಂಡಿಸಿ ಕೈತೊಳೆದುಕೊಳ್ಳುವುದು ಸುಲಭ. ಮನೆಯ ಕಾನೂನಿನ ಗತಿಯೇನು? 1971ರ ಕೀಟನಾಶಕ ನಿಯಮಗಳನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಕೀಟನಾಶಕದೊಡನೆ ಕೆಲಸ ಮಾಡುವವರಿಗೆ ಕೆಲಸಕ್ಕೆ ಮೊದಲು ಮತ್ತು ಆಮೇಲೆ ನಿಯತವಾಗಿ ವೈದ್ಯಕೀಯ ತಪಾಸಣೆ, ಕ್ಲೋರ್‌ಪೈರಿಫಾಸ್‌ನಂಥ ರಂಜಕಯುಕ್ತ ವಿಷವಾದರೆ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ, ರಬ್ಬರ್ ಕೈಗವಸು, ಗಂಬೂಟು, ಒಗೆಯಬಹುದಾದ ರಕ್ಷಣಾ ಉಡುಪು ಎಲ್ಲವೂ ಅಲ್ಲಿವೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಗೆ 2010ರಲ್ಲಿ ಸುರಕ್ಷತೆಯ ಅಧ್ಯಾಯವೊಂದನ್ನು ಸೇರಿಸಲಾಯಿತು. ಆ ಕಾಯ್ದೆಯ ಜಾಗಕ್ಕೆ ಈಗ, 2025ರ ನವೆಂಬರ್ 21ರಿಂದ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಂತೆ ಹೊಸದೂ ಐದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನದನ್ನೇ ತೋಟವೆಂದು ಗುರುತಿಸುತ್ತದೆ. ಕೊಡಗಿನ ಬೆಳೆಗಾರರಲ್ಲಿ ಹೆಚ್ಚಿನವರ ಹಿಡುವಳಿ ಅದಕ್ಕಿಂತ ಚಿಕ್ಕದು. ಅಂದರೆ ಔಷಧಿ ಹೊಡೆಯುವ ಕೈಗಳ ಬಹುದೊಡ್ಡ ಗುಂಪು ಸುರಕ್ಷತೆಯ ಬೇಲಿಯ ಹೊರಗೇ ನಿಂತಿದೆ. ಬೇಲಿಯ ಒಳಗಿನ ದೊಡ್ಡ ಎಸ್ಟೇಟುಗಳಲ್ಲಿ ಕೋಲಿನೆಸ್ಟರೇಸ್ ಎಂಬ ಪದವನ್ನು ಕೇಳಿಸಿಕೊಂಡ ರೈಟರು ಎಷ್ಟು ಮಂದಿ ಇದ್ದಾರೆಂದು ಓದುಗರೇ ವಿಚಾರಿಸಿ ನೋಡಬಹುದು.

ವಿಷದ ಮಾತು ಇಷ್ಟಾಯಿತು. ಏಣಿಯ ಮಾತು ಇನ್ನೂ ಕಠೋರವಾದದ್ದು. ಕರಿಮೆಣಸು ಕೊಯ್ಯಲು, ಮರಗಸಿ ಮಾಡಲು ಬಿದಿರಿನ ಏಣಿಯ ಬದಲಿಗೆ ಹಗುರವಾದ ಅಲ್ಯೂಮಿನಿಯಂ ಏಣಿ ಬಂತು. ತೋಟದ ನಡುವೆ ಹಾದುಹೋಗುವ ವಿದ್ಯುತ್ ತಂತಿಗೆ ಅದು ತಗುಲಿ ಕಾರ್ಮಿಕ ಸತ್ತನೆಂಬ ಸುದ್ದಿ ಕೊಯ್ಲಿನ ತಿಂಗಳುಗಳಲ್ಲಿ ಪತ್ರಿಕೆಗಳ ಒಳಪುಟದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಏಣಿಯನ್ನು ಹಿಡಿದಿದ್ದವನೂ ಅವನೊಡನೆ ಹೋಗುತ್ತಾನೆ. ವಿದ್ಯುತ್ ಹರಿಯದ ಫೈಬರ್ ಏಣಿ ಇಂದು ಮಾರುಕಟ್ಟೆಯಲ್ಲಿದೆ. ಬೆಲೆ ಹೆಚ್ಚು, ತೂಕವೂ ತುಸು ಹೆಚ್ಚು. ಬೆಳಗಿನ ಹಾಜರಿಗೆ ಲೈನಿನಿಂದ ನಡೆದು ಬರುವಾಗ ಆನೆಯ ಕಾಲಿಗೆ ಸಿಕ್ಕಿ ಸತ್ತವರ ಪಟ್ಟಿ ಬೇರೆಯೇ ಇದೆ. ಈ ಸಾವುಗಳಾವುವೂ ಕಾಫಿ ಬೀಜದಲ್ಲಿ ಶೇಷಾಂಶವನ್ನು ಬಿಡುವುದಿಲ್ಲ. ಯಾವ ಬಂದರಿನ ಯಾವ ಯಂತ್ರಕ್ಕೂ ಅವು ಕಾಣುವುದಿಲ್ಲ.

ಹೀಗಿರುವಾಗ ಯುರೋಪಿನ ಹೊಸ ಕಟ್ಟಳೆಯೊಂದು ಅರಿಯದೆಯೇ ಬಾಗಿಲು ತೆರೆದಿದೆ. ಅರಣ್ಯನಾಶ ಮಾಡಿ ಬೆಳೆದ ಕಾಫಿಯನ್ನು ಕೊಳ್ಳಬಾರದೆಂಬ 2023ರ ನಿಯಮದ ಜಾರಿಯನ್ನು ಎರಡು ಬಾರಿ ಮುಂದೂಡಿ, 2026ರ ಅಂತ್ಯಕ್ಕೆ ತಂದು ನಿಲ್ಲಿಸಲಾಗಿದೆ. ಕೊಡಗಿನಲ್ಲಿ ಅದರ ಬಗ್ಗೆ ನಡೆದ ಚರ್ಚೆಯೆಲ್ಲ ತೋಟದ ನಕ್ಷೆ, ಉಪಗ್ರಹ, ಆರ್‌ಟಿಸಿ, ಜಮ್ಮಾ ಬಾಣೆಗಳ ಸುತ್ತಲೇ ತಿರುಗಿದೆ. ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ: ಉತ್ಪನ್ನವು ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿರಬೇಕು, ಆ ಕಾನೂನುಗಳ ಪಟ್ಟಿಯಲ್ಲಿ ಕಾರ್ಮಿಕರ ಹಕ್ಕುಗಳೂ ಸೇರಿವೆ. ಇದನ್ನು ಬೆಳೆಗಾರರ ಸಂಘಗಳು ಎತ್ತಲಿಲ್ಲ, ಅದು ಸಹಜ. ಪರಿಸರ ಸಂಘಟನೆಗಳೂ ಎತ್ತಲಿಲ್ಲವೆಂಬುದು ಮಾತ್ರ ಸಹಜವಲ್ಲ. ಆನೆ ಪಥಕ್ಕೆ, ಕಾವೇರಿಗೆ, ಕಡಿದ ಮರಕ್ಕೆ ದನಿಯೆತ್ತಿದ ಚಳವಳಿಯು ಆ ಮರದ ನೆರಳಿನಲ್ಲಿಯೇ ವಿಷ ಉಸಿರಾಡುವವನನ್ನು ಪರಿಸರದ ಭಾಗವೆಂದು ಎಣಿಸದೆ ಹೋದದ್ದೇಕೆ?

ಯುರೋಪಿನಿಂದ ಎರವಲು ಪಡೆಯಬೇಕಾದದ್ದು ಶೇಷಾಂಶದ ಅಂಕಿಯನ್ನಲ್ಲ, ಸಹಾಯಧನದ ಸೂತ್ರವನ್ನು. ಅಲ್ಲಿ 2025ರಿಂದ ಎಲ್ಲ ಸದಸ್ಯ ರಾಷ್ಟ್ರಗಳಲ್ಲಿಯೂ ರೈತನಿಗೆ ಸಿಗುವ ಸರ್ಕಾರಿ ಸಹಾಯಧನವನ್ನು ಕಾರ್ಮಿಕರ ಸುರಕ್ಷತೆಗೆ ತಳುಕು ಹಾಕಲಾಗಿದೆ. ನಿಯಮ ಮುರಿದ ಮಾಲೀಕನ ಸಹಾಯಧನ ಕಡಿತವಾಗುತ್ತದೆ. ಕಾಫಿ ಮಂಡಳಿಯೂ ಮರುನಾಟಿಗೆ, ಯಂತ್ರಗಳಿಗೆ ಸಹಾಯಧನ ನೀಡುತ್ತದೆ. ಅಲ್ಯೂಮಿನಿಯಂ ಏಣಿ ಬಿಟ್ಟು ಫೈಬರ್ ಏಣಿ ಕೊಳ್ಳುವವನಿಗೆ ಮೊದಲ ಆದ್ಯತೆ, ಕಾರ್ಮಿಕರ ತಪಾಸಣಾ ಪತ್ರವಿಲ್ಲದ ದೊಡ್ಡ ಎಸ್ಟೇಟಿಗೆ ಸಹಾಯಧನವಿಲ್ಲ ಎಂದು ಅದು ಹೇಳಬಾರದೇಕೆ? ಸಣ್ಣ ಬೆಳೆಗಾರನ ಮೇಲೆ ಇದೇ ಹೊರೆ ಹೇರುವುದು ಅನ್ಯಾಯ. ಅವನೇ ಎಷ್ಟೋ ವೇಳೆ ಡಬ್ಬ ಹೊರುವವನು. ಯುರೋಪಿನ ನಿರ್ದೇಶನವೂ ಸ್ವಂತ ದುಡಿಮೆಯ ರೈತನನ್ನು ಹೊರಗಿಟ್ಟು ಸೋತಿದೆ. ಅಂಥವರಿಗೆ ಊರಿನ ಸಹಕಾರ ಸಂಘದ ಮೂಲಕ ತರಬೇತಿ ಪಡೆದ ಸಿಂಪಡಣೆಯ ತಂಡ, ಹಂಚಿಕೊಂಡು ಬಳಸುವ ಏಣಿಗಳು ಸಾಧ್ಯ.

ವಿಷವನ್ನು ಮೂಲದಲ್ಲಿಯೇ ತಗ್ಗಿಸುವ ದಾರಿಯೂ ಹೊಸದೇನಲ್ಲ. ಕಾಂಡಕೊರಕದ ಜೀರುಂಡೆ ಬಿಸಿಲಿನಲ್ಲಿ ಚುರುಕಾಗುತ್ತದೆ. ಒತ್ತಾದ ನೆರಳಿರುವ ತೋಟದಲ್ಲಿ ಅದರ ಹಾವಳಿ ಕಡಿಮೆ. ಮರ ಕಡಿದು ತೋಟವನ್ನು ಬೆತ್ತಲೆ ಮಾಡಿದವರೇ ಆಮೇಲೆ ಡಬ್ಬಗಟ್ಟಲೆ ವಿಷ ಕೊಳ್ಳುತ್ತಾರೆ. ಹುಳು ಹತ್ತಿದ ಗಿಡಗಳನ್ನು ಹಾರಾಟದ ಕಾಲಕ್ಕೆ ಮುನ್ನ ಗುರುತಿಸಿ ಕಿತ್ತು ಸುಡುವುದು, ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಶೇಕಡ 10ರ ಸುಣ್ಣದ ದ್ರಾವಣ ಬಳಿಯುವುದು, ಮೋಹಕ ಬಲೆ ಕಟ್ಟುವುದು ಇವೆಲ್ಲ ಕಾಫಿ ಮಂಡಳಿಯ ಸಂಶೋಧನೆಯಿಂದಲೇ ಬಂದ ಶಿಫಾರಸುಗಳು. ಇವಕ್ಕೆ ಕೂಲಿ ಹೆಚ್ಚು ಬೇಕು, ವಿಷಕ್ಕೆ ಕಡಿಮೆ ಸಾಕು. ಆ ಉಳಿತಾಯದ ಬೆಲೆಯನ್ನು ತೆರುವವನು ಬೇರೆ.

ಅಷ್ಟರವರೆಗೆ ರಕ್ತಪರೀಕ್ಷೆಯೊಂದನ್ನಾದರೂ ಆರಂಭಿಸಬಹುದು. ರಂಜಕಯುಕ್ತ ವಿಷ ದೇಹಕ್ಕೆ ಸೇರುತ್ತಾ ಹೋದಂತೆ ಕೋಲಿನೆಸ್ಟರೇಸ್ ಕಿಣ್ವದ ಮಟ್ಟ ಇಳಿಯುತ್ತದೆ. ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಕಾಣಿಸಿಕೊಳ್ಳುವ ಮೊದಲೇ ಈ ಇಳಿಕೆ ತಿಳಿಯುತ್ತದೆ. ಆದರೆ ಮನುಷ್ಯನಿಂದ ಮನುಷ್ಯನಿಗೆ ಸಹಜ ಮಟ್ಟವೇ ಬೇರೆಯಾದ್ದರಿಂದ, ವಿಷ ಮುಟ್ಟುವ ಮೊದಲಿನ ಅಳತೆ ಕೈಯಲ್ಲಿರಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ ಅಧ್ಯಯನ ವಿಷಯ ಸಿಗಲಾರದು. ಕಾಂಡಕೊರಕದ ಮೊದಲ ಹಾರಾಟ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಲೈನ್ ಮನೆಗಳಲ್ಲಿ ರಕ್ತ ತೆಗೆಯುವ ಕೆಲಸ ಮಾರ್ಚ್ ತಿಂಗಳೊಳಗೆ ಮುಗಿದಿರಬೇಕು.