ನಾಯಿಗೆ ಯಾವ ಟಿಕೆಟ್?

2019ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್‌ನಿಂದ ಬಾರ್ಸಿಲೋನಾಕ್ಕೆ ಹೊರಟ ಮಹಿಳೆಯೊಬ್ಬರ ನಾಯಿ ಕ್ಯಾಬಿನ್ನಿಗೆ ದೊಡ್ಡದಾಯಿತೆಂದು ಪೆಟ್ಟಿಗೆ ಸೇರಬೇಕಾಯಿತು. ವಿಮಾನದ ಹೊಟ್ಟೆಗೆ ಸಾಗಿಸುವ ಹೊತ್ತಿಗೆ ಅದು ತಪ್ಪಿಸಿಕೊಂಡು ಓಡಿತು, ಮತ್ತೆ ಸಿಗಲೇ ಇಲ್ಲ. ಆಕೆ 5,000 ಯೂರೋ ಪರಿಹಾರ ಕೇಳಿದರು. ವ್ಯಾಜ್ಯ ಲಕ್ಸೆಂಬರ್ಗಿನ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. 2025ರ ಅಕ್ಟೋಬರಿನಲ್ಲಿ ಬಂದ ತೀರ್ಪಿನ ಪ್ರಕಾರ ಪರಿಹಾರದ ಲೆಕ್ಕಕ್ಕೆ ಸಾಕುಪ್ರಾಣಿಯೂ ಲಗೇಜೇ. ಮೊದಲೇ ವಿಶೇಷ ಘೋಷಣೆ ಮಾಡಿರದಿದ್ದರೆ ಕಳೆದುಹೋದ ಸೂಟ್‌ಕೇಸಿಗೆ ಇರುವ ಮಿತಿಯೇ ನಾಯಿಗೂ.

ಅದಕ್ಕೂ ಮೊದಲು, 2024ರಲ್ಲಿ, ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರೊಬ್ಬರು ಬೇರೆಯೇ ತೀರ್ಪು ಕೊಟ್ಟಿದ್ದರು. ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಲವ್ ಬರ್ಡ್ಸ್ ಒಯ್ಯುತ್ತಿದ್ದ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಹಕ್ಕಿಗಳಿಗೆ ಮಾತ್ರ ಮಕ್ಕಳ ದರದಲ್ಲಿ ತಲಾ 111ರಂತೆ 444 ರೂಪಾಯಿ. ಟಿಕೆಟ್ಟಿನ ಫೋಟೊ ನೋಡಿ ನಾಡೆಲ್ಲ ನಕ್ಕಿತು. ನನಗೇನೋ ಲಕ್ಸೆಂಬರ್ಗಿನ ನ್ಯಾಯಾಧೀಶರಿಗಿಂತ ಆ ಕಂಡಕ್ಟರೇ ಸತ್ಯಕ್ಕೆ ಹತ್ತಿರವಿದ್ದರು ಅನಿಸುತ್ತದೆ. ದರ ಜಾಸ್ತಿಯಾಯಿತೆನ್ನಿ, ಒಪ್ಪುತ್ತೇನೆ. ಆದರೆ ಉಸಿರಾಡುವುದನ್ನು ಉಸಿರಾಡುವುದೆಂದೇ ಎಣಿಸಿದರಲ್ಲ!

ವಿಮಾನದಲ್ಲಿ ಚಿಕ್ಕ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕೇ ಎಂಬ ಚರ್ಚೆ ನಮ್ಮಲ್ಲಿ ಬೇಗ ದಾರಿ ತಪ್ಪುತ್ತದೆ. 'ಅದು ನಮ್ಮ ಮನೆ ಮಗು' ಎಂದು ಒಬ್ಬರು, 'ದುಡ್ಡು ಹೆಚ್ಚಾದವರ ಶೋಕಿ' ಎಂದು ಇನ್ನೊಬ್ಬರು. ಎರಡನ್ನೂ ಬದಿಗಿಡೋಣ. ನಾಯಿ ಕ್ಯಾಬಿನ್ನಿನಲ್ಲಿರಬೇಕು ಎನ್ನಲು ಪ್ರೀತಿಯ ಆಣೆ ಬೇಕಿಲ್ಲ. ಅದಕ್ಕೆ ಏನಾದರೂ ಆದರೆ ನೋಡುವ ಒಂದು ಜೊತೆ ಕಣ್ಣು ಅಲ್ಲಿ ಮಾತ್ರ ಇದೆ, ಅಷ್ಟು ಸಾಕು.

ಪ್ರಾಣಿಗಳನ್ನಿಡುವ ಸರಕು ಕೋಣೆಯಲ್ಲಿ ಗಾಳಿಯೇ ಇರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಅಲ್ಲಿಯ ಗಾಳಿಯೊತ್ತಡ ಕ್ಯಾಬಿನ್ನಿನಷ್ಟೇ. ಅಪಾಯ ಹೆಚ್ಚಾಗಿ ನೆಲದಲ್ಲಿರುವಾಗಲೇ: ವಿಮಾನ ನಿಲ್ಲುವ ಕಾದ ಅಂಗಳದಲ್ಲಿ ಪೆಟ್ಟಿಗೆ ಕಾಯುವ ಹೊತ್ತು, ಗದ್ದಲ, ಗಾಬರಿ. ನಾಯಿ ಮೈಯನ್ನು ತಂಪಾಗಿಸಿಕೊಳ್ಳುವುದು ಏದುಸಿರು ಬಿಟ್ಟು. ಮೂಗು ಮೋಟಾಗಿರುವ ತಳಿಗಳಿಗೆ ಆ ದಾರಿಯೇ ಇಕ್ಕಟ್ಟು. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಹೊರಹಾಕಿದ ಲೆಕ್ಕದಲ್ಲಿ ಸುಮಾರು ಐದು ವರ್ಷಗಳ 122 ನಾಯಿಗಳ ಸಾವಿತ್ತು. ಸುಮಾರು ಅರ್ಧದಷ್ಟು ಮೋಟು ಮೂಗಿನವು. ಇಂಗ್ಲಿಷ್ ಬುಲ್‌ಡಾಗ್ 25, ಪಗ್ 11. ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ನಮ್ಮ ಮಂದಿ ಮುಗಿಬಿದ್ದು ತಂದುಕೊಂಡದ್ದೂ ಈ ಪಗ್ಗನ್ನೇ.

ಕ್ಯಾಬಿನ್ನಿಗೆ ಬಂದ ಮಾತ್ರಕ್ಕೆ ನಾಯಿ ಉಳಿಯಿತು ಅಂತಲೂ ಅಲ್ಲ. 2018ರ ಮಾರ್ಚಿನಲ್ಲಿ ಹ್ಯೂಸ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಹತ್ತು ತಿಂಗಳ ಫ್ರೆಂಚ್ ಬುಲ್‌ಡಾಗ್ ಇದ್ದ ಬ್ಯಾಗನ್ನು ಸಿಬ್ಬಂದಿಯ ಸೂಚನೆಯಂತೆ ತಲೆಯ ಮೇಲಿನ ಲಗೇಜು ಕಪಾಟಿಗೆ ಸೇರಿಸಲಾಯಿತು. ವಿಮಾನ ಇಳಿಯುವಷ್ಟರಲ್ಲಿ ಅದು ಸತ್ತಿತ್ತು. ಕ್ಯಾಬಿನ್ನಿನ ಒಳಗೇ ನಾಯಿ ಲಗೇಜಿನ ಲೆಕ್ಕಕ್ಕೆ ಹೋದದ್ದು ಹೀಗೆ.

ಇನ್ನು ಪಕ್ಕದ ಸೀಟಿನವರ ಮಾತು. ಇಲ್ಲಿ ನಾಯಿಪ್ರಿಯರು ಕಿವುಡಾಗುವುದು ನನಗೆ ಹಿಡಿಸುವುದಿಲ್ಲ. ಅಲರ್ಜಿ ತರುವ ಪ್ರೋಟೀನು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ವಿಮಾನದ ಹೆಪಾ ಫಿಲ್ಟರ್ ಗಾಳಿಯನ್ನು ಚೆನ್ನಾಗಿಯೇ ಸೋಸುತ್ತದೆ, ಆದರೆ ಒಂದು ಮೊಳ ದೂರದಲ್ಲಿ ಕೂತವರಿಗೆ ಆ ಸಮಾಧಾನ ಸಾಲದು. ಬಸ್ಸಾದರೆ ಇಳಿದು ಇನ್ನೊಂದನ್ನು ಹತ್ತಬಹುದು. ಕೆನಡಾದ ಸಾರಿಗೆ ಪ್ರಾಧಿಕಾರ 2012ರಲ್ಲಿ ಅಲರ್ಜಿ ಇರುವ ಪ್ರಯಾಣಿಕರಿಗೂ ಪ್ರಾಣಿಗೂ ನಡುವೆ ಐದು ಸಾಲು ಅಂತರವಿರಲಿ ಎಂಬ ದಾರಿ ಹಿಡಿಯಿತು. ಯಾರನ್ನೂ ಹೊರಗೆ ಹಾಕದ ಏರ್ಪಾಡು, ನಮ್ಮ ಕಂಪನಿಗಳೂ ಟಿಕೆಟ್ ಬುಕ್ ಮಾಡುವಾಗಲೇ ಇದನ್ನು ಕೇಳಿಕೊಳ್ಳಬಹುದು. ಭಯದ ವಿಷಯವೂ ಹಾಗೆಯೇ. ಬೀದಿನಾಯಿ ಕಡಿತ, ರೇಬೀಸ್ ಇವು ದಿನದ ಸುದ್ದಿಯಾಗಿರುವ ದೇಶದಲ್ಲಿ ನಾಯಿ ಕಂಡು ಹಿಂಜರಿಯುವವರನ್ನು ಗೊಡ್ಡು ಜನ ಅನ್ನಲಾಗದು. ಹಾಗೆ ನೋಡಿದರೆ ರೇಬೀಸ್ ಲಸಿಕೆಯ ದಾಖಲೆ, ಪಶುವೈದ್ಯರ ಸರ್ಟಿಫಿಕೇಟು ತೋರಿಸಿ ಹತ್ತಿದ ನಾಯಿ ಬೀದಿಯ ಮೂಲೆಯದಕ್ಕಿಂತ ನಿರಪಾಯಿ. ಅದನ್ನು ಹೇಳಬೇಕು, ಭಯಪಟ್ಟವರನ್ನು ಗೇಲಿ ಮಾಡಬಾರದು.

ಸಲಿಗೆಯ ದುರುಪಯೋಗ ಹೇಗಿರುತ್ತದೆ ಎಂಬುದಕ್ಕೂ ಅಮೆರಿಕವೇ ಸಾಕ್ಷಿ. ಮಾನಸಿಕ ಆಸರೆಯ ಪ್ರಾಣಿ ಎಂಬ ಕಾಗದವಿದ್ದರೆ ಶುಲ್ಕವಿಲ್ಲದೆ ಒಯ್ಯಬಹುದೆಂಬ ನಿಯಮದ ನೆರಳಿನಲ್ಲಿ ಏನೇನೋ ವಿಮಾನ ಹತ್ತಿದವು. 2018ರಲ್ಲಿ ನ್ಯೂವಾರ್ಕ್ ನಿಲ್ದಾಣಕ್ಕೆ ನವಿಲೇ ಬಂತು, ಹತ್ತಿಸಿಕೊಳ್ಳಲಿಲ್ಲ. ಕೊನೆಗೆ 2021ರ ಜನವರಿಯಿಂದ ತರಬೇತಿ ಪಡೆದ ಸೇವಾ ನಾಯಿಗಳಿಗೆ ಮಾತ್ರ ಆ ರಿಯಾಯಿತಿ ಉಳಿಯಿತು. ಅಷ್ಟರಲ್ಲಿ ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಯನ್ನೂ ಜನ ಅನುಮಾನದಿಂದ ನೋಡುವ ಹಾಗಾಗಿತ್ತು. ಸುಳ್ಳು ಕಾಗದದವರು ಕದ್ದದ್ದು ವಿಮಾನ ಕಂಪನಿಯ ಶುಲ್ಕವನ್ನಷ್ಟೇ ಅಲ್ಲ.

ನಮ್ಮಲ್ಲಿ ಆಕಾಶ ಏರ್ 2022ರ ನವೆಂಬರಿನಿಂದ ಸಾಕುನಾಯಿ, ಬೆಕ್ಕುಗಳನ್ನು ಕ್ಯಾಬಿನ್ನಿಗೆ ಬಿಟ್ಟುಕೊಂಡಿತು. ಆರಂಭದ ಮಿತಿ ಬ್ಯಾಗೂ ಸೇರಿ 7 ಕಿಲೋ. ಸೀಟಿನಡಿ ಇರುವ ಜಾಗವೇ ಅಷ್ಟು, ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಪರಿಣಾಮ ನೋಡಿ. ಮನುಷ್ಯನ ಮಡಿಲಿಗೆಂದೇ ಕುಗ್ಗಿಸಿ ಬೆಳೆಸಿದ ವಿದೇಶಿ ತಳಿಗಳಿಗೆ ಒಳಗೆ ಜಾಗ. ಬೀದಿಯಿಂದ ಎತ್ತಿ ಸಾಕಿದ ನಾಟಿ ನಾಯಿ ಮರಿಯಾಗಿದ್ದಷ್ಟು ದಿನ ಮಾತ್ರ ಅರ್ಹ. ಬಾಗಲಕೋಟೆಯ ಮುಧೋಳ ತಳಿ ಬೆಳೆದರೆ 20 ಕಿಲೋ ದಾಟುತ್ತದೆ, ಅದಕ್ಕೆ ಕ್ಯಾಬಿನ್ನಿನ ಬಾಗಿಲೇ ಇಲ್ಲ. ವಿಮಾನಕ್ಕೆ ಹೊಂದುವ ಅಳತೆ ನೋಡಿ ನಾಯಿ ಕೊಳ್ಳುವ ಕಾಲ ಬಂದರೆ ಮೋಟು ಮೂಗುಗಳ ಪಾಡು ಇನ್ನೂ ಹೆಚ್ಚುತ್ತದೆ.

ಹಾಗಾಗಿ ಕ್ಯಾಬಿನ್ ಬಾಗಿಲು ತೆರೆದ ಕಂಪನಿ ಅಲ್ಲಿಗೇ ನಿಲ್ಲುವಂತಿಲ್ಲ. ಕೆಳಗೆ ಹೋಗುವ ದೊಡ್ಡ ನಾಯಿ ಬಿಸಿಲಿನಲ್ಲಿ ಎಷ್ಟು ಹೊತ್ತು ಕಾಯಬೇಕು, ಯಾರು ನೀರಿಡುತ್ತಾರೆ, ಕೊನೆಗೆ ಹತ್ತಿದ್ದನ್ನು ಕಣ್ಣಾರೆ ಕಂಡವರು ಯಾರು ಎಂದು ಮಾಲೀಕರಿಗೆ ತಿಳಿಸುವುದು ಶುಲ್ಕ ವಸೂಲಿ ಮಾಡಿದವರ ಹೊಣೆ. ಮಾಲೀಕರೂ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಹೊರಡಬೇಕು: ಹೋಗಬೇಕಾದದ್ದು ನಾಯಿಯೋ, ತಾವೋ? ಊರು ಬದಲಾಯಿಸುವವರಿಗೆ ಬೇರೆ ದಾರಿಯಿಲ್ಲ, ನಿಜ. ಎರಡು ದಿನದ ಗೋವಾ ಪ್ರವಾಸಕ್ಕೆ, ಸುಮ್ಮನಿರಲೆಂದು ನಿದ್ದೆ ಮಾತ್ರೆ ನುಂಗಿಸಿ ಬ್ಯಾಗಿಗೆ ತುರುಕುವುದು ಬೇರೆ ಮಾತು. ಹಾರುವ ಮುಂಚೆ ಮತ್ತು ಬರಿಸುವ ಔಷಧಿ ಬೇಡವೆಂದು ಪಶುವೈದ್ಯರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ, ಉಸಿರಾಟ ಕುಗ್ಗಬಹುದೆಂದು. ಅಂಥ ನಾಯಿ ಬೊಗಳದಿದ್ದರೆ ಅಕ್ಕಪಕ್ಕದವರಿಗೆ ಹಿತ. ಏನಾಗುತ್ತಿದೆ ಎಂದು ಹೇಳಲು ಅದಕ್ಕಿದ್ದ ಉಪಾಯ ಮಾತ್ರ ಅದೊಂದೇ.