ಸಂಕಟ ಹೇಳಿಕೊಳ್ಳುವ ಭಾಷೆ

14416. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದಾದ ಈ ಸಂಖ್ಯೆ ಟೆಲಿ-ಮಾನಸ್‌ನದು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಶುರುವಾಯಿತು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. 20 ಭಾಷೆಗಳಲ್ಲಿ ಸೇವೆಯಿದೆ, ಆದರೆ ಆಯಾ ರಾಜ್ಯ ಆರಿಸಿಕೊಂಡ ಭಾಷೆಗಳಲ್ಲಿ. ತೊಡಕಿರುವುದು ಇಲ್ಲೇ.

ಪುಣೆಯಲ್ಲಿ ಮಗನ ಮನೆ ಸೇರಿದ ಗದಗಿನ ತಾಯಿಯೊಬ್ಬರನ್ನು ನೆನೆಸಿಕೊಳ್ಳಿ. ಅವರ ಮರಾಠಿ ತರಕಾರಿ ಚೌಕಾಸಿಗೆ ಸಾಕು. “ಸಂಕಟ ಆಗತೈತ್ರಿ” ಎನ್ನುವುದಕ್ಕೆ ಸಾಲದು. ಮರಾಠಿ, ಹಿಂದಿಗಳಲ್ಲಿ ಸಂಕಟವೆಂದರೆ ಬಂದೆರಗುವ ಆಪತ್ತು. ಕನ್ನಡದಲ್ಲಿ ಅದು ಹೊಟ್ಟೆಯಲ್ಲಿ, ಎದೆಯಲ್ಲಿ ಕಿವುಚುವಂಥದ್ದು. ಬೇಜಾರು ಇನ್ನೂ ಕಷ್ಟದ ಮಾತು: ಹೊತ್ತು ಹೋಗದಿದ್ದರೂ ಬೇಜಾರು, ಸೊಸೆಯ ಒಂದು ಮಾತಿಗೆ ನೊಂದರೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ಇದು ಯಾವ ಬೇಜಾರು ಎಂದು ದನಿಯಲ್ಲೇ ಗುರುತಿಸಬೇಕು. ಮಾಮೂಲಿ ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ. ಮಗನನ್ನೇ ದುಭಾಷಿಯಾಗಿ ಕೂರಿಸಿದರೆ, ಆ ಮನೆಯ ದೂರನ್ನೇ ಅವರು ಹೇಳುವುದೆಂತು?

ಆಸ್ಪತ್ರೆಯನ್ನು ಹೊತ್ತುಕೊಂಡು ಹೋಗಲಾಗದು; ಕರೆಯನ್ನು ಪುಣೆಯಿಂದ ಕರ್ನಾಟಕದ ಕೇಂದ್ರಕ್ಕೆ ತಿರುಗಿಸಬಹುದು. ದೂರವನ್ನು ಅಳಿಸಲೆಂದೇ ಹುಟ್ಟಿದ ಸೇವೆಗೆ ರಾಜ್ಯದ ಗಡಿ ಯಾಕೆ ಅಡ್ಡ ಬರಬೇಕು? ಕರೆ ಯಾವ ರಾಜ್ಯದ್ದು ಎಂದು ನೋಡುವ ಮೊದಲು ಕರೆದವರ ನುಡಿ ಯಾವುದು ಎಂದು ಕೇಳಲಿ. ತುರ್ತಾದರೆ ಪುಣೆಯ ಆಸ್ಪತ್ರೆಯೇ ಬೇಕು, ನಿಜ. ಆಗ ಎರಡೂ ರಾಜ್ಯಗಳ ಕೇಂದ್ರಗಳು ಒಂದೇ ಕರೆಯಲ್ಲಿ ಕೂಡಿಕೊಳ್ಳಬೇಕು. ಮೂವರು ಒಟ್ಟಿಗೆ ಮಾತಾಡುವ ಸೌಲಭ್ಯ ಈಗ ಎಲ್ಲರ ಕಿಸೆಯ ಮೊಬೈಲಿನಲ್ಲೂ ಇದೆ.