ಹಲವು ಯಂತ್ರ, ಒಂದೇ ಉಗ್ರಾಣ

ಬ್ಯಾಂಕಿನ ಲೆಕ್ಕವನ್ನು ಇಂದು ಒಂದೇ ಗಣಕಯಂತ್ರ ನೋಡಿಕೊಳ್ಳುವುದಿಲ್ಲ. ಹಲವು ಯಂತ್ರಗಳು ಗುಂಪುಗೂಡಿ ದುಡಿಯುತ್ತವೆ. ಇಂತಹ ಗುಂಪಿಗೆ ‘ಕ್ಲಸ್ಟರ್’ ಎಂದು ಹೆಸರು. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳಬೇಕು. ಇದಕ್ಕಾಗಿ ದಾಖಲೆಗಳನ್ನೆಲ್ಲ ಜಾಲದ ಮೂಲಕ ಎಲ್ಲ ಯಂತ್ರಗಳಿಗೂ ಎಟುಕುವ ಸಾಮಾನ್ಯ ಉಗ್ರಾಣವೊಂದರಲ್ಲಿ ಇಡುವುದುಂಟು. ದೊಡ್ಡ ಉಗ್ರಾಣವನ್ನು ಕೊಂಡು ತಂತಿ ಜೋಡಿಸಿದರೆ ಕೆಲಸ ಮುಗಿಯಿತೆಂದು ಹಲವರ ಭಾವನೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಒಂದು ಖಾತೆಯಲ್ಲಿ ೧೦೦೦ ರೂಪಾಯಿ ಇದೆಯೆನ್ನೋಣ. ಒಂದು ಯಂತ್ರವು ಅದಕ್ಕೆ ೨೦೦ ಕೂಡಿಸಹೊರಟಿತು. ಅದೇ ಕ್ಷಣದಲ್ಲಿ ಇನ್ನೊಂದು ೩೦೦ ಕಳೆಯಹೊರಟಿತು. ಎರಡೂ ೧೦೦೦ ಎಂದೇ ಓದಿಕೊಂಡುವು. ಮೊದಲನೆಯದು ೧೨೦೦ ಎಂದು ಬರೆಯಿತು. ಅದರ ಮೇಲೆ ಎರಡನೆಯದು ೭೦೦ ಎಂದು ಬರೆಯಿತು. ಇರಬೇಕಾದುದು ೯೦೦! ಆದುದರಿಂದ ಬರೆಯುವ ಯಂತ್ರವು ಮೊದಲು ಬೀಗ ಪಡೆಯಬೇಕು; ಅದು ಬಿಡುವ ತನಕ ಉಳಿದವು ಕಾಯಬೇಕು.

ಯಂತ್ರಗಳ ನಡುವಣ ಜಾಲವೇ ಕಡಿದರೆ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ, ನಿಜ. ಆದರೆ ಉತ್ತರ ಬಾರದಿದ್ದಾಗ, ಆಚೆಯ ಯಂತ್ರ ಸತ್ತಿದೆಯೋ ತಂತಿ ಕಡಿದಿದೆಯೋ ಎಂಬುದನ್ನು ಮೌನದಿಂದ ಅರಿಯಲಾಗದು. ಎರಡು ಪಂಗಡಗಳೂ ತಾವೇ ಉಳಿದವರೆಂದು ತಿಳಿದು ಒಂದೇ ಉಗ್ರಾಣದಲ್ಲಿ ಬರೆಯತೊಡಗಿದರೆ ದಾಖಲೆಗಳು ಹಾಳಾಗುತ್ತವೆ.

ಇದಕ್ಕೆ ಪರಿಹಾರ ಬಹುಮತ. ಐದು ಯಂತ್ರಗಳಿದ್ದರೆ ಮೂರು ಜೊತೆಯಲ್ಲಿರುವ ಪಂಗಡ ಮಾತ್ರ ಬರೆಯಬೇಕು. ಎರಡರ ಪಂಗಡ ಸುಮ್ಮನಿರಬೇಕು. ಅದು ತಡವಾಗಿ ಎಚ್ಚೆತ್ತು ಬರೆಯಬಂದರೆ ಉಗ್ರಾಣವೇ ಬಾಗಿಲು ಮುಚ್ಚಬೇಕು. ಎರಡೇ ಯಂತ್ರಗಳಿರುವಲ್ಲಿ ಮೂರನೆಯ ಮತಕ್ಕೆ ಒಬ್ಬ ಸಾಕ್ಷಿ ಬೇಕು. ಇದು ಹೊಸ ವಿಚಾರವಲ್ಲ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು ೧೯೮೩ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಕ್ಲಸ್ಟರ್ ವ್ಯವಸ್ಥೆಯಲ್ಲಿಯೇ ಬೀಗವೂ ಮತಗಣನೆಯೂ ಇದ್ದುವು.

“ಸೇವೆ ನಿಲ್ಲಲೇಬಾರದು, ನಿಂತರೆ ಗ್ರಾಹಕನು ಮುನಿಯುತ್ತಾನೆ” ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಇಲ್ಲಿ ಎರಡನ್ನೂ ಪಡೆಯುವ ದಾರಿಯಿಲ್ಲ. ಜಾಲ ಕಡಿದಾಗ ದಾಖಲೆಯ ಏಕರೂಪತೆ, ಪ್ರತಿಯೊಂದು ಯಂತ್ರದಿಂದಲೂ ಉತ್ತರ—ಇವೆರಡೂ ಒಟ್ಟಿಗೆ ಉಳಿಯಲಾರವೆಂದು ಎರಿಕ್ ಬ್ರೂವರ್ ೨೦೦೦ದಲ್ಲಿ ಊಹಿಸಿದರು. ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ೨೦೦೨ರಲ್ಲಿ ಅದನ್ನು ಗಣಿತರೀತ್ಯಾ ಸಾಧಿಸಿದರು. ಚಿತ್ರವನ್ನೋ ಹಾಡನ್ನೋ ಒದಗಿಸುವ ಕಡೆ ಹಳೆಯ ಪ್ರತಿಯೊಂದು ಕಂಡರೆ ಕೇಡಿಲ್ಲ. ಹಣ, ಅಂಕಪಟ್ಟಿ, ರೋಗಿಯ ಔಷಧಿಯ ಪ್ರಮಾಣ—ಇವುಗಳಲ್ಲಿ ಹಾಗಲ್ಲ. ನಿಂತ ಸೇವೆ ಮತ್ತೆ ನಡೆದೀತು. ತಪ್ಪು ಬರೆದ ಲೆಕ್ಕವಾದರೋ ಯಾರ ಕಣ್ಣಿಗೂ ಬೀಳದೆ ಸರಿಯೆಂದೇ ಉಳಿದುಬಿಡಬಹುದು.

ನಾಳೆ ಇಂತಹ ವ್ಯವಸ್ಥೆಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳೇ. ಉಗ್ರಾಣದ ಗಾತ್ರವೆಷ್ಟು, ವೇಗವೆಷ್ಟು ಎಂದು ಕೇಳುವುದಕ್ಕೆ ಮೊದಲು, ತಂತಿ ಕಡಿದಾಗ ಸುಮ್ಮನಾಗುವವರಾರು ಎಂದು ಅವರು ಕೇಳಲಿ. ಅದಕ್ಕೆ ಉತ್ತರವಿಲ್ಲದ ಉಗ್ರಾಣದಲ್ಲಿ ಯಾರ ಲೆಕ್ಕವನ್ನೂ ಇಡತಕ್ಕದ್ದಲ್ಲ.